ದೊಡ್ಡ ನಗರ, ಐದು ದಿನ, ಒಂದೇ ಒಂದು ದೊಡ್ಡ ಊಟ: ನೀವು ಹೇಗೆ ಆರಿಸುತ್ತೀರಿ?

ಕಿಟಕಿಪಕ್ಕ
ಮುಂದಿನ ತಿಂಗಳು ನಾನು, ನನ್ನ ಹೆಂಡತಿ, ಅಮ್ಮ ಮೂವರೂ ಒಂದು ದೊಡ್ಡ ನಗರಕ್ಕೆ ಐದು ದಿನಕ್ಕೆ ಹೋಗುತ್ತಿದ್ದೇವೆ. ಅಮ್ಮನಿಗೆ 70 ತುಂಬುತ್ತದೆ. ಉಳಿದ ದಿನ ಎಲ್ಲಿ ಸಿಕ್ಕಿದರೆ ಅಲ್ಲಿ ತಿನ್ನುತ್ತೇವೆ. ಒಂದು ಹೊತ್ತು ಮಾತ್ರ ನಿಜವಾಗಿ ಒಳ್ಳೆಯ ಫೈನ್ ಡೈನಿಂಗ್ ಜಾಗದಲ್ಲಿ ನಿಧಾನವಾಗಿ ಕೂತು ಊಟ ಮಾಡಬೇಕು ಅಂತ ಆಸೆ.

ಯಾವ ನಗರ ಅಂತ ಬೇಕೆಂದೇ ಹೇಳುತ್ತಿಲ್ಲ. ಹೇಳಿದರೆ ಹತ್ತು ಹೆಸರು ಬರುತ್ತವೆ, ಆರಿಸುವುದು ಹೇಗೆ ಅನ್ನುವುದು ಬರುವುದಿಲ್ಲ. ನನಗೆ ಬೇಕಿರುವುದು ಅದೇ.

ಮೂರು ವಾರ ಹುಡುಕಿ ಮೂರು ಜಾಗಕ್ಕೆ ಇಳಿಸಿದ್ದೇನೆ. ಒಂದಕ್ಕೆ ಮಿಶೆಲಿನ್ ಅನ್ನುವ ರೆಸ್ಟೋರೆಂಟ್ ಗೈಡಿನ ಮೂರು ಸ್ಟಾರ್ ಇದೆ, ಅದೇ ಅತಿ ಹೆಚ್ಚು. ರಾತ್ರಿ ಮಾತ್ರ ತೆರೆದಿರುತ್ತದೆ, 14 ಕೋರ್ಸಿನ ಟೇಸ್ಟಿಂಗ್ ಮೆನು, ಅಂದರೆ ಅವರೇ ಆರಿಸಿದ ಸಣ್ಣ ಸಣ್ಣ ತಟ್ಟೆಗಳು ಒಂದಾದ ಮೇಲೊಂದು ಬರುತ್ತವೆ, ಬೇರೆ ಆಯ್ಕೆ ಇಲ್ಲ. ಇನ್ನೊಂದು ಎತ್ತರದ ಕಟ್ಟಡದ ತುತ್ತತುದಿಯಲ್ಲಿದೆ, ಇಡೀ ಊರು ಕಾಣುತ್ತದಂತೆ. ಮೂರನೆಯದು ಇಪ್ಪತ್ತು ಸೀಟಿನ ಸಣ್ಣ ಜಾಗ. ಸ್ಟಾರ್ ಇಲ್ಲ, ಆದರೆ ಗೈಡಿನಲ್ಲಿ ಹೆಸರಿದೆ. ಅಲ್ಲಿ ಮಧ್ಯಾಹ್ನದ ಊಟವೂ ಇದೆ. ಅಮ್ಮ ಸಸ್ಯಾಹಾರಿ. ಎಡಗಿವಿ ಅಷ್ಟಾಗಿ ಕೇಳಿಸುವುದಿಲ್ಲ, ಬಲಗಿವಿಗೆ ಯಂತ್ರ ಹಾಕಿಕೊಳ್ಳುತ್ತಾರೆ. ನೀವಾದರೆ ಏನು ನೋಡಿ ಆರಿಸುತ್ತೀರಿ?

ಸಾಲುದೀಪ
ಮೂರು ಸ್ಟಾರ್. ಯೋಚನೆಯೇ ಬೇಡ. ಒಂದೇ ಸಲ ಹೋಗುವುದಾದರೆ ಎಲ್ಲಕ್ಕಿಂತ ಒಳ್ಳೆಯದಕ್ಕೇ ಹೋಗಬೇಕು.

ರಾತ್ರಿರೈಲು
ಸಾಲುದೀಪ ಅವರೇ, ನಾನೂ ಹಾಗೇ ಅಂದುಕೊಂಡಿದ್ದೆ. ಮದುವೆಯಾಗಿ ಹತ್ತು ವರ್ಷ ಆಯಿತು ಅಂತ ಎರಡು ತಿಂಗಳು ಕಾದು ಟೇಬಲ್ ಹಿಡಿದೆ. ಸಿಕ್ಕಿದ್ದು ನಾವು ಇಳಿಯುವ ದಿನವೇ, ರಾತ್ರಿ ಎಂಟೂವರೆಗೆ. ಬಿಡಲು ಮನಸ್ಸಾಗಲಿಲ್ಲ. ಬೆಳಿಗ್ಗೆ ವಿಮಾನ ಇಳಿದು, ಸ್ನಾನ ಮಾಡಿ, ಊರು ಸುತ್ತಿ, ಸಂಜೆ ಬಟ್ಟೆ ಬದಲಿಸಿ ಹೋದೆವು. ಗಡಿಯಾರದಲ್ಲಿ ಸಂಜೆ, ನಮ್ಮ ಮೈಗೆ ಮಾತ್ರ ನಡುರಾತ್ರಿ ದಾಟಿತ್ತು.

ಮೊದಲ ನಾಲ್ಕು ತಟ್ಟೆ ಚೆನ್ನಾಗಿ ನೆನಪಿವೆ. ಆರನೆಯದು ಬರುವಾಗ ಹೆಂಡತಿಯ ಕಣ್ಣು ಎಳೆಯುತ್ತಿತ್ತು. ಒಂಬತ್ತನೆಯದಕ್ಕೆ ಫೋರ್ಕ್ ಹಿಡಿದುಕೊಂಡೇ ಒಂದು ನಿಮಿಷ ನಿದ್ದೆ ಹೋದಳು. ಬಡಿಸುವ ಹುಡುಗ ನೋಡಿಯೂ ನೋಡದ ಹಾಗೆ ತಟ್ಟೆ ಇಟ್ಟ. ನನ್ನ ಕಡೆ ತಿರುಗಿ, ದನಿ ತಗ್ಗಿಸಿ, ಅದರಲ್ಲಿ ಏನೇನಿದೆ ಅಂತ ಹೇಳಿದ. ಅಡುಗೆಯಲ್ಲಿ ಒಂದು ತಪ್ಪೂ ಇರಲಿಲ್ಲ. ಆರಿಸಿದ ದಿನ ತಪ್ಪಾಗಿತ್ತು. ಇವತ್ತಿಗೂ ಆ ಮೆನು ಕಾರ್ಡ್ ತೆಗೆದರೆ ಅರ್ಧ ಹೆಸರುಗಳ ರುಚಿ ನೆನಪಾಗುವುದಿಲ್ಲ. ಬೇಜಾರಾಗುತ್ತದೆ.

ಮೂರನೇ ದಿನಕ್ಕೋ ನಾಲ್ಕನೇ ದಿನಕ್ಕೋ ಇಡಿ. ಕೊನೇ ದಿನ ಬೇಡ, ಬ್ಯಾಗ್ ಕಟ್ಟುವ ಗಡಿಬಿಡಿ ಇರುತ್ತದೆ.

ಕಾಗದದೋಣಿ
14 ಕೋರ್ಸ್ ಅಂದರೆ ಎಷ್ಟು ಹೊತ್ತು ಹಿಡಿಯುತ್ತದೆ?

ರಾತ್ರಿರೈಲು
ನಮ್ಮದು 12 ಕೋರ್ಸ್, ಮೂರೂಕಾಲು ಗಂಟೆ.

ಕಾಗದದೋಣಿ
ಅಷ್ಟು ಹೊತ್ತು ನಮ್ಮಮ್ಮ ಒಂದೇ ಕುರ್ಚಿಯಲ್ಲಿ ಕೂರಲಾರರು. ಬೆನ್ನು ಹಿಡಿದುಕೊಳ್ಳುತ್ತದೆ. ಕಿಟಕಿಪಕ್ಕ ಅವರೇ, ನಿಮ್ಮಮ್ಮನಿಗೆ ಅದನ್ನೊಮ್ಮೆ ಕೇಳಿ ನೋಡಿ. ಸರ್‌ಪ್ರೈಸ್ ಕೊಡಬೇಕು ಅಂತ ಸುಮ್ನೆ ಇರಬೇಡಿ.

ನಕ್ಷೆಗಾರ
ಸ್ಟಾರ್ ಅಂದರೆ ಏನು ಅಂತ ಮೊದಲು ಸರಿಯಾಗಿ ತಿಳಿದುಕೊಂಡರೆ ಅರ್ಧ ಗೊಂದಲ ಹೋಗುತ್ತದೆ. ಮಿಶೆಲಿನ್ ಟೈರ್ ಕಂಪನಿ. 1900ರಲ್ಲಿ ಕಾರು ಓಡಿಸುವವರಿಗೆ ಅಂತ ಗೈಡ್ ತಂದಿತು. ಜನ ಜಾಸ್ತಿ ಓಡಾಡಿದರೆ ಟೈರ್ ಜಾಸ್ತಿ ಸವೆಯುತ್ತದೆ ಅನ್ನುವ ಲೆಕ್ಕ. ಊಟಕ್ಕೆ ಸ್ಟಾರ್ ಕೊಡಲು ಶುರು ಮಾಡಿದ್ದು 1926ರಲ್ಲಿ. ಎರಡು ಮತ್ತು ಮೂರು ಸ್ಟಾರ್ ಬಂದಿದ್ದು 1931ರಲ್ಲಿ. ಅರ್ಥ ಇವತ್ತಿಗೂ ದಾರಿಯ ಲೆಕ್ಕದಲ್ಲೇ ಇದೆ. ಒಂದು ಅಂದರೆ ದಾರಿಯಲ್ಲಿ ಸಿಕ್ಕಿದರೆ ಗಾಡಿ ನಿಲ್ಲಿಸಬಹುದು. ಎರಡು ಅಂದರೆ ದಾರಿ ಬಿಟ್ಟು ಸುತ್ತಿಕೊಂಡು ಹೋಗಬಹುದು. ಮೂರು ಅಂದರೆ ಅದಕ್ಕೆಂದೇ ಮನೆಯಿಂದ ಹೊರಡಬಹುದು.

ಇನ್‌ಸ್ಪೆಕ್ಟರ್‌ಗಳು ಐದು ವಿಷಯ ನೋಡುತ್ತಾರೆ. ಸಾಮಗ್ರಿ ಎಷ್ಟು ಒಳ್ಳೆಯದು, ಅಡುಗೆಯ ಕೈ ಎಷ್ಟು ಪಳಗಿದೆ, ರುಚಿಗಳು ಒಂದಕ್ಕೊಂದು ಕೂಡುತ್ತವೆಯೇ, ಶೆಫ್‌ನ ತನ್ನತನ ತಟ್ಟೆಯಲ್ಲಿ ಕಾಣುತ್ತದೆಯೇ, ಇಡೀ ಮೆನುವಿನಲ್ಲೂ ಪ್ರತಿ ಸಲವೂ ಅದೇ ಮಟ್ಟ ಇದೆಯೇ. ಇಷ್ಟೇ. ಇದರಲ್ಲಿ ಕುರ್ಚಿ ಇಲ್ಲ, ಸದ್ದು ಇಲ್ಲ, ಕಿಟಕಿಯ ನೋಟ ಇಲ್ಲ, ಬಡಿಸುವವರ ನಡವಳಿಕೆ ಇಲ್ಲ. ಜಾಗ ಎಷ್ಟು ಆರಾಮ ಅನ್ನುವುದಕ್ಕೆ ಗೈಡಿನಲ್ಲಿ ಬಹುಕಾಲ ಫೋರ್ಕ್ ಮತ್ತು ಚಮಚದ ಬೇರೆ ಗುರುತೇ ಇತ್ತು. ಅಂದರೆ ಮೂರು ಸ್ಟಾರ್ ತಟ್ಟೆಯ ಬಗ್ಗೆ ಹೇಳುತ್ತದೆ. ನಿಮ್ಮಮ್ಮನ ಸಂಜೆಯ ಬಗ್ಗೆ ಏನೂ ಹೇಳುವುದಿಲ್ಲ.

ಮರಗುಬ್ಬಿ
ಇಷ್ಟೆಲ್ಲ ಯಾಕೆ ನಂಬುತ್ತೀರಿ? ಎಷ್ಟೋ ಕಡೆ ಪ್ರವಾಸೋದ್ಯಮ ಇಲಾಖೆ ದುಡ್ಡು ಕೊಟ್ಟ ಮೇಲೇ ಆ ಗೈಡ್ ಬಂದಿದೆ. ಥಾಯ್ಲೆಂಡ್ ನೋಡಿ, ಕ್ಯಾಲಿಫೋರ್ನಿಯಾ ನೋಡಿ.

ನಕ್ಷೆಗಾರ
ದುಡ್ಡಿನ ವಿಷಯ ನಿಜ, ಮುಚ್ಚಿಟ್ಟ ಸಂಗತಿಯೂ ಅಲ್ಲ. ಆದರೆ ಆ ದುಡ್ಡು ಗೈಡ್ ಅಲ್ಲಿಗೆ ಬರಲು. ಯಾರಿಗೆ ಸ್ಟಾರ್ ಅನ್ನುವುದನ್ನು ತಮ್ಮ ಇನ್‌ಸ್ಪೆಕ್ಟರ್‌ಗಳೇ ತೀರ್ಮಾನಿಸುತ್ತಾರೆ ಅಂತ ಗೈಡ್ ಹೇಳುತ್ತದೆ. ನೀವು ನಂಬಲೇಬೇಕು ಅಂತ ನಾನು ಹೇಳುವುದಿಲ್ಲ. ನಿಮ್ಮ ಮಾತಿನಿಂದ ನಮಗೆ ಉಪಯೋಗವಾಗುವ ಅಂಶ ಬೇರೆ ಇದೆ. ಗೈಡ್ ಹೋಗದ ನಗರಗಳು ಬೇಕಾದಷ್ಟಿವೆ. ಅಲ್ಲಿ ಸ್ಟಾರ್ ಇಲ್ಲ ಅಂದರೆ ಒಳ್ಳೆಯ ಅಡುಗೆ ಇಲ್ಲ ಅಂತಲ್ಲ, ಯಾರೂ ಅಳೆದಿಲ್ಲ ಅಂತ ಅಷ್ಟೇ.

ಎರಡನೇಗೇರ್
ಮತ್ತೆ ಆ ಶೆಫ್ ಬೇರೆ ಕಡೆ ಹೋದರೆ ಸ್ಟಾರ್ ಅವರ ಜೊತೆ ಹೋಗುತ್ತದೆ. ಅದನ್ನೂ ನೋಡಿಕೊಳ್ಳಿ.

ನಕ್ಷೆಗಾರ
ಇಲ್ಲ, ಇದನ್ನು ತುಂಬಾ ಜನ ತಪ್ಪು ತಿಳಿದಿದ್ದಾರೆ. ಸ್ಟಾರ್ ರೆಸ್ಟೋರೆಂಟಿಗೆ, ವ್ಯಕ್ತಿಗಲ್ಲ. ಶೆಫ್ ಹೋದರೆ ಸ್ಟಾರ್ ಅಲ್ಲೇ ಉಳಿಯುತ್ತದೆ, ಮತ್ತೆ ಪರೀಕ್ಷೆ ಆಗುತ್ತದೆ. ಫ್ರಾನ್ಸಿನ ಹೆಸರಾಂತ ಶೆಫ್ ಪಾಲ್ ಬೊಕೂಸ್ ಅವರ ರೆಸ್ಟೋರೆಂಟಿಗೆ 1965ರಿಂದ ಮೂರು ಸ್ಟಾರ್ ಇತ್ತು. ಅವರು 2018ರ ಜನವರಿಯಲ್ಲಿ ತೀರಿಕೊಂಡರು. 2020ರಲ್ಲಿ ಮೂರನೇ ಸ್ಟಾರ್ ಹೋಯಿತು. ಐವತ್ತು ವರ್ಷ ದಾಟಿದ ಹೆಸರನ್ನೂ ಪ್ರತಿ ವರ್ಷ ಹೊಸದಾಗಿ ನೋಡುತ್ತಾರೆ.

ಇನ್ನೊಂದು ಕಡೆ, ಟೋಕಿಯೋದ ಸುಕಿಯಾಬಾಶಿ ಜಿರೋ ಮೂರು ಸ್ಟಾರ್ ಇದ್ದ ಸುಶಿ ಜಾಗ. 2019ರ ನವೆಂಬರ್‌ನಲ್ಲಿ ಗೈಡಿನಿಂದಲೇ ಹೊರಗೆ ಬಂತು. ರುಚಿ ಕೆಟ್ಟಿತು ಅಂತಲ್ಲ. ಸಾಮಾನ್ಯ ಜನರಿಗೆ ಅಲ್ಲಿ ಟೇಬಲ್ ಬುಕ್ ಮಾಡಲು ಆಗುತ್ತಿರಲಿಲ್ಲ, ಅದಕ್ಕೆ. ಹಾಗಾಗಿ ಸ್ಟಾರ್ ಇದ್ದರೂ ಇಲ್ಲದಿದ್ದರೂ ಯಾಕೆ ಅಂತ ಒಮ್ಮೆ ಕೇಳಿಕೊಳ್ಳಬೇಕು.

ಎರಡನೇಗೇರ್
ಸರಿ, ತಿದ್ದಿಕೊಂಡೆ. ಜಗತ್ತಿನ 50 ಅತ್ಯುತ್ತಮ ಅಂತ ಒಂದು ಪಟ್ಟಿ ಬರುತ್ತದಲ್ಲ, ಅದು ಹೇಗೆ?

ನಕ್ಷೆಗಾರ
ಅದು 2002ರಲ್ಲಿ ಬ್ರಿಟನ್ನಿನ ಒಂದು ಪತ್ರಿಕೆ ಶುರು ಮಾಡಿದ್ದು. ಸಾವಿರಕ್ಕೂ ಜಾಸ್ತಿ ಜನ ವೋಟು ಹಾಕುತ್ತಾರೆ. ಶೆಫ್‌ಗಳು, ಬರೆಯುವವರು, ತಿರುಗಾಡಿ ತಿನ್ನುವವರು. ಇಂಥದ್ದನ್ನೇ ನೋಡಿ ಅಂತ ಅಳತೆಗೋಲು ಇಲ್ಲ, ಅವರವರ ಅನುಭವ. ಅದರಿಂದ ಹೊಸತನ ಇರುವ, ಜನ ಮಾತಾಡುವ ಜಾಗಗಳು ಮೇಲೆ ಬರುತ್ತವೆ ಅಂತ ನನಗನ್ನಿಸುತ್ತದೆ. 2019ರಿಂದ ಇನ್ನೊಂದು ನಿಯಮ ಇದೆ. ಒಮ್ಮೆ ಮೊದಲ ಸ್ಥಾನ ಪಡೆದವರು ಮತ್ತೆ ಪಟ್ಟಿಗೆ ಬರುವುದಿಲ್ಲ. ಹಳೇ ಹೆಸರು ಪಟ್ಟಿಯಲ್ಲಿ ಕಾಣಲಿಲ್ಲ ಅಂದರೆ ಬಿದ್ದುಹೋಯಿತು ಅಂದುಕೊಳ್ಳಬೇಡಿ.

ಬೆಳ್ಳಿಚಮಚ
ನಾನು ಒಂಬತ್ತು ವರ್ಷ ಇಂಥ ಜಾಗಗಳಲ್ಲೇ ಕೆಲಸ ಮಾಡಿದ್ದೇನೆ. ನಾಲ್ಕು ವರ್ಷ ಅಡುಗೆಮನೆ, ಐದು ವರ್ಷ ಹೊರಗೆ ಬಡಿಸುವ ಕಡೆ. ಸ್ಟಾರ್ ಬಗ್ಗೆ ಮೇಲೆ ಬಂದಾಗಿದೆ. ನಾನು ಬೇರೆ ಜಾಗ ಆರಿಸುವಾಗ ಏನು ನೋಡುತ್ತೇನೆ ಅಂತ ಹೇಳುತ್ತೇನೆ.

ಮೊದಲು ಫೋಟೋ. ರೆಸ್ಟೋರೆಂಟ್ ಹಾಕಿದ್ದಲ್ಲ, ಊಟ ಮಾಡಿದವರು ಹಾಕಿದ್ದು. ಒಂದು ವರ್ಷದ್ದನ್ನು ತಿಂಗಳ ಪ್ರಕಾರ ನೋಡುತ್ತೇನೆ. ಒಂದೇ ತಿಂಗಳಲ್ಲಿ ಹತ್ತು ಜನ ತೆಗೆದ ಅದೇ ತಟ್ಟೆ ಒಂದೇ ತರ ಇದ್ದರೆ ಅಡುಗೆಮನೆಗೆ ಶಿಸ್ತು ಇದೆ. ಕಾಲ ಬದಲಾದಾಗ ತಟ್ಟೆಯೂ ಬದಲಾದರೆ ಅಲ್ಲಿ ಇನ್ನೂ ಯೋಚನೆ ಮಾಡುವವರಿದ್ದಾರೆ. ಮೂರು ವರ್ಷದಿಂದ ಅದೇ ಮೆನು, ಅದೇ ಹೂವು, ಅದೇ ಸಾಸ್ ಅಂದರೆ ನಾನು ಹೋಗುವುದಿಲ್ಲ.

ಆಮೇಲೆ ವಿಮರ್ಶೆ. ತೀರಾ ಹೊಗಳಿದ್ದೂ ಬೇಡ, ತೀರಾ ಬೈದಿದ್ದೂ ಬೇಡ. ನಡುವಿನವು ಓದಿ. ಅಲ್ಲಿ ಜನ ಲೆಕ್ಕ ಹೇಳುತ್ತಾರೆ. ಎರಡನೇ ಕೋರ್ಸಿಗೂ ಮೂರನೇ ಕೋರ್ಸಿಗೂ ನಡುವೆ ನಲವತ್ತು ನಿಮಿಷ ಆಯಿತು, ಮೂಲೆಯ ಟೇಬಲ್ ಬಾತ್‌ರೂಮಿನ ಪಕ್ಕ ಇತ್ತು, ನೀರಿಗೂ ದುಡ್ಡು ತೆಗೆದುಕೊಂಡರು. ಇಂಥ ವಿವರ ಐದು ಸ್ಟಾರ್ ಕೊಟ್ಟವರು ಬರೆಯುವುದಿಲ್ಲ.

ಮೂರನೆಯದು, ಒಂದು ಸಂಜೆಗೆ ಎಷ್ಟು ಸೀಟಿಂಗ್ ಅಂತ ಕೇಳಿ. ಆರೂವರೆಗೆ ಒಂದು, ಒಂಬತ್ತಕ್ಕೆ ಒಂದು ಅಂದರೆ ಎರಡು ಗಂಟೆಯಾದ ಮೇಲೆ ನಿಮ್ಮ ಟೇಬಲ್ ಬೇರೆಯವರಿಗೆ ಬೇಕು. ಯಾರೂ ಏಳಿ ಅನ್ನುವುದಿಲ್ಲ. ಆದರೆ ಬಿಲ್ ಬೇಗ ಬರುತ್ತದೆ. ನಿಧಾನವಾಗಿ ಕೂರಬೇಕಾದರೆ ಮಧ್ಯಾಹ್ನ ಹೋಗಿ. ಅದೇ ಅಡುಗೆಮನೆ, ಎಷ್ಟೋ ಸಲ ಅದೇ ಕೈ, ಮೆನು ಚಿಕ್ಕದು, ಬಿಲ್ಲೂ ಸಾಮಾನ್ಯವಾಗಿ ಕಡಿಮೆ. ನಗರ ತಿರುಗುವವರು ಮಧ್ಯಾಹ್ನದ ಊಟವನ್ನು ಯಾಕೆ ಮರೆಯುತ್ತಾರೋ ನನಗೆ ಅರ್ಥವಾಗುವುದಿಲ್ಲ.

ಸಾಲುದೀಪ
ಮಧ್ಯಾಹ್ನ ಅಂದರೆ ಅದು ಹಬ್ಬದ ತರ ಅನ್ನಿಸುವುದಿಲ್ಲ. ದೀಪ, ಸಂಜೆ, ಒಳ್ಳೆಯ ಬಟ್ಟೆ, ಇದೆಲ್ಲ ಸೇರಿದರೇ ಫೈನ್ ಡೈನಿಂಗ್ ಅಲ್ವಾ?

ಬೆಳ್ಳಿಚಮಚ
ನಿಮಗೆ ಹಾಗಾದರೆ ನೀವು ಸಂಜೆಗೇ ಹೋಗಿ, ಅದರಲ್ಲಿ ತಪ್ಪೇನಿಲ್ಲ. ಆದರೆ 70 ವರ್ಷದವರು ರಾತ್ರಿ ಹನ್ನೊಂದೂವರೆಗೆ ಊಟ ಮುಗಿಸಿ ಮಲಗಿದರೆ ಮಾರನೇ ದಿನ ಹೋಯಿತು. ಐದರಲ್ಲಿ ಒಂದು ದಿನ ಅಂದರೆ ಸಣ್ಣದಲ್ಲ.

ಮೂರನೇಮಹಡಿ
ಎತ್ತರದ ಜಾಗದ ಬಗ್ಗೆ ಯಾರೂ ಮಾತೇ ಆಡುತ್ತಿಲ್ಲ.

ಎರಡನೇಗೇರ್
ಆಡುವುದೇನಿದೆ? ನೋಟಕ್ಕೆ ದುಡ್ಡು, ಊಟ ಸುಮಾರು. ನೋಡಬೇಕಾದರೆ ಟಿಕೆಟ್ ತಗೊಂಡು ಮೇಲೆ ಹತ್ತಿ ನೋಡಿ, ಇಳಿದು ಬಂದು ಬೇರೆ ಕಡೆ ಊಟ ಮಾಡಿ.

ಮೂರನೇಮಹಡಿ
ನಾನು ಒಪ್ಪುವುದಿಲ್ಲ. ನಮ್ಮಪ್ಪ ಕೊನೇ ಎರಡು ವರ್ಷ ಗಾಲಿಕುರ್ಚಿಯಲ್ಲಿದ್ದರು. ಒಂದು ಪ್ರವಾಸದಲ್ಲಿ ಅವರನ್ನು ಅಂಥದ್ದೇ ಜಾಗಕ್ಕೆ ಕರೆದುಕೊಂಡು ಹೋದೆ. ಲಿಫ್ಟ್ ನೇರ ಟೇಬಲ್ ತನಕ. ಕತ್ತಲಾಗುವ ಮುಂಚೆ ಕೂತೆವು. ಅಪ್ಪ ಗಾಜಿನ ಕಡೆ ಮುಖ ಮಾಡಿಕೊಂಡು ಒಂದೊಂದೇ ರಸ್ತೆಯಲ್ಲಿ ದೀಪ ಹತ್ತುವುದನ್ನು ಎರಡು ಗಂಟೆ ನೋಡಿದರು. ಚಮಚ ಎತ್ತುವುದನ್ನು ಮರೆಯುತ್ತಿದ್ದರು, ನಾನು ಜ್ಞಾಪಿಸುತ್ತಿದ್ದೆ. ಏನು ತಿಂದೆವು ಅಂತ ಕೇಳಿದರೆ ಹೇಳಲಾರೆ. ಆದರೂ ನನ್ನ ಬದುಕಿನ ಅತ್ಯುತ್ತಮ ಊಟ ಅದೇ.

ಅಲ್ಲಿಗೆ ಹೋಗುವುದಾದರೆ ಆ ದಿನ ಸೂರ್ಯ ಮುಳುಗುವ ಹೊತ್ತು ನೋಡಿ, ಅದಕ್ಕಿಂತ ಮುಕ್ಕಾಲು ಗಂಟೆ ಮುಂಚೆ ಟೇಬಲ್ ಹಿಡಿಯಿರಿ. ಕಿಟಕಿ ಪಕ್ಕದ್ದೇ ಅಂತ ಬರೆದು ಕೇಳಿ. ಎಷ್ಟೋ ಕಡೆ ಬೇಡಿಕೆ ಅಂತ ಗುರುತು ಮಾಡಿಕೊಳ್ಳುತ್ತಾರೆ, ಖಾತ್ರಿ ಕೊಡುವುದಿಲ್ಲ. ನಡುವಿನ ಟೇಬಲ್ ಸಿಕ್ಕಿದರೆ ಬೇರೆಯವರ ಬೆನ್ನು ನೋಡಿಕೊಂಡು ಕೂರಬೇಕಾಗುತ್ತದೆ.

ಎರಡನೇಗೇರ್
ನಿಮ್ಮ ಅಪ್ಪನ ವಿಷಯ ಓದಿದ ಮೇಲೆ ನನ್ನ ಮಾತು ಹಿಂದೆ ತೆಗೆದುಕೊಳ್ಳುತ್ತೇನೆ. ಯಾರಿಗೆ ಅನ್ನುವುದನ್ನು ನಾನು ಯೋಚಿಸಿರಲಿಲ್ಲ.

ಹಸಿರುಚಪ್ಪರ
ಸಸ್ಯಾಹಾರದ ವಿಷಯವನ್ನು ಎಲ್ಲರೂ ಹಾರಿಸಿಕೊಂಡು ಹೋಗಿದ್ದೀರಿ. ನನ್ನ ಪ್ರಕಾರ ಇಲ್ಲಿ ಅದೇ ಮೊದಲ ಜರಡಿ.

ಒಂದು ಹೆಸರುವಾಸಿ ಜಾಗಕ್ಕೆ ಹೋಗಿದ್ದೆ, ಹೆಸರು ಬೇಡ. ಬುಕ್ ಮಾಡುವಾಗಲೇ ಸಸ್ಯಾಹಾರಿ ಅಂತ ಹಾಕಿದ್ದೆ. ಎಂಟು ಕೋರ್ಸಿನಲ್ಲಿ ಆರು ನನ್ನ ಗಂಡನ ತಟ್ಟೆಯೇ, ನಡುವಿನ ಮಾಂಸ ಮಾತ್ರ ತೆಗೆದಿದ್ದರು. ಅವರಿಗೆ ಸಾಸ್, ನಡುವೆ ತುಂಡು, ಪಕ್ಕದಲ್ಲಿ ಕ್ಯಾರೆಟ್. ನನಗೆ ಕ್ಯಾರೆಟ್, ನಡುವೆ ಖಾಲಿ ಜಾಗ. ದುಡ್ಡು ಇಬ್ಬರಿಗೂ ಒಂದೇ. ಅವತ್ತು ನನಗೆ ಅಳು ಬಂತು, ಹಸಿವಿಗಲ್ಲ. ನನ್ನ ಬಗ್ಗೆ ಅಡುಗೆಮನೆಯಲ್ಲಿ ಯಾರೂ ಒಂದು ನಿಮಿಷವೂ ಯೋಚಿಸಿರಲಿಲ್ಲ ಅಂತ.

ತರಕಾರಿಯಿಂದ ಇಂಥ ಅಡುಗೆ ಆಗುವುದಿಲ್ಲ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಪ್ಯಾರಿಸ್ಸಿನ ಲಾರ್ಪೆಜ್‌ನಲ್ಲಿ ಶೆಫ್ ಅಲೆನ್ ಪಸ್ಸಾರ್ 2001ರಲ್ಲಿ ಕೆಂಪು ಮಾಂಸ ಬಿಟ್ಟು ತರಕಾರಿಯನ್ನು ತಟ್ಟೆಯ ನಡುವೆ ತಂದರು, ಮೂರು ಸ್ಟಾರ್ ಉಳಿಯಿತು. ನ್ಯೂಯಾರ್ಕಿನ ಇಲೆವೆನ್ ಮ್ಯಾಡಿಸನ್ ಪಾರ್ಕ್ ರೆಸ್ಟೋರೆಂಟ್ 2021ರಲ್ಲಿ ಪೂರ್ತಿ ಸಸ್ಯಮೂಲದ ಮೆನುಗೆ ಹೋಯಿತು, ಅದಕ್ಕೂ ಮೂರು ಸ್ಟಾರ್ ಉಳಿಯಿತು.

ಮರಗುಬ್ಬಿ
ಅವರು 2025ರಲ್ಲಿ ಮಾಂಸ ವಾಪಸ್ ತಂದರಲ್ಲ.

ಹಸಿರುಚಪ್ಪರ
ತಂದರು. ಸಸ್ಯದ ಮೆನುವೂ ಜೊತೆಗೆ ಉಳಿಸಿಕೊಂಡರು. ಹಳೇ ಲೇಖನ ಓದಿ ಹೋದವರಿಗೆ ಬೇರೆಯೇ ಮೆನು ಕಾಣುತ್ತದೆ, ಅದಕ್ಕೇ ಬುಕ್ ಮಾಡುವ ವಾರದಲ್ಲಿ ಅವರ ಸ್ವಂತ ಪುಟ ನೋಡಬೇಕು.

ನಾನು ಈಗ ಮಾಡುವ ಪರೀಕ್ಷೆ ಒಂದೇ. ತರಕಾರಿ ಮೆನುವಿಗೆ ತಟ್ಟೆಗಳ ಹೆಸರು ಬರೆದಿದ್ದಾರೆಯೇ, ಇಲ್ಲ ಕೇಳಿದರೆ ಮಾಡಿಕೊಡುತ್ತೇವೆ ಅಂತ ಒಂದು ಸಾಲು ಹಾಕಿದ್ದಾರೆಯೇ? ಹೆಸರಿದ್ದರೆ ಯಾರೋ ಅದಕ್ಕೆ ಕೂತು ಕೆಲಸ ಮಾಡಿದ್ದಾರೆ.

ಮೇಲ್ ಬರೆಯುವಾಗ ಸಸ್ಯಾಹಾರಿ ಅಂತ ಒಂದೇ ಪದ ಬರೆಯಬೇಡಿ. ಏನೇನು ತಿನ್ನುವುದಿಲ್ಲ ಅಂತ ಬಿಡಿಸಿ ಬರೆಯಿರಿ. ಮೀನು, ಮೊಟ್ಟೆ, ಮೂಳೆ ಬೇಯಿಸಿದ ಸ್ಟಾಕ್, ಪ್ರಾಣಿಗಳ ಮೂಳೆ ಚರ್ಮದಿಂದ ತೆಗೆಯುವ ಜೆಲಟಿನ್, ಕರುವಿನ ಹೊಟ್ಟೆಯಿಂದ ತೆಗೆಯುವ ರೆನೆಟ್ ಹಾಕಿದ ಚೀಸ್. ಅಸಲಿ ಪಾರ್ಮಿಜಾನೊ ರೆಜ್ಜಾನೊ ಚೀಸ್ ಅಂಥದ್ದೇ. ಅಲರ್ಜಿ ಪಟ್ಟಿ ನೋಡಿ ತಿಳಿದುಕೊಳ್ಳುತ್ತೇವೆ ಅಂದರೂ ಆಗುವುದಿಲ್ಲ. ಯುರೋಪಿಯನ್ ಒಕ್ಕೂಟದಲ್ಲಿ 2014ರ ಡಿಸೆಂಬರ್‌ನಿಂದ ರೆಸ್ಟೋರೆಂಟ್‌ಗಳೂ 14 ಅಲರ್ಜಿ ಪದಾರ್ಥಗಳ ಮಾಹಿತಿ ಕೊಡಬೇಕು. ಅದರಲ್ಲಿ ಮೀನಿದೆ, ಮೊಟ್ಟೆಯಿದೆ, ಹಾಲಿದೆ. ಮಾಂಸ ಇಲ್ಲ.

ಕಿಟಕಿಪಕ್ಕ
ಇಷ್ಟು ಜನ ಬರೆಯುತ್ತೀರಿ ಅಂದುಕೊಂಡಿರಲಿಲ್ಲ. ಈಗಷ್ಟೇ ಮೂರೂ ಪುಟ ಮತ್ತೆ ನೋಡಿದೆ. ಮೂರು ಸ್ಟಾರಿನಲ್ಲಿ ಮುಂಚೆ ತಿಳಿಸಿದರೆ ಸಸ್ಯಾಹಾರ ಸಾಧ್ಯ ಅಂತ ಒಂದೇ ಸಾಲು. ಎತ್ತರದ ಜಾಗದಲ್ಲಿ ಎರಡು ತಟ್ಟೆ. ಸಣ್ಣ ಜಾಗದಲ್ಲಿ ಆರು ತಟ್ಟೆಯ ತರಕಾರಿ ಮೆನು, ಎಲ್ಲಕ್ಕೂ ಹೆಸರಿದೆ.

ಅಮ್ಮನನ್ನೂ ಕೇಳಿದೆ. ಎಷ್ಟು ಹೊತ್ತು ಕೂರಬಲ್ಲೆ ಅಂದರೆ, ಮಾತು ಕೇಳಿಸುವುದಾದರೆ ಎಷ್ಟು ಹೊತ್ತಾದರೂ ಕೂರುತ್ತೇನೆ, ಕೇಳಿಸದಿದ್ದರೆ ಅರ್ಧ ಗಂಟೆ ಜಾಸ್ತಿ ಅಂದರು. ಇದನ್ನು ನಾನು ಇಷ್ಟು ದಿನ ಯೋಚಿಸಿಯೇ ಇರಲಿಲ್ಲ.

ತಿಳಿನೀರು
ನಿಮ್ಮಮ್ಮ ಹೇಳಿದ್ದು ನನ್ನ ಮಾತೇ. ನಾನೂ ಯಂತ್ರ ಹಾಕಿಕೊಳ್ಳುತ್ತೇನೆ. ಫೋಟೋದಲ್ಲಿ ನೆಲ, ಗೋಡೆ, ಚಾವಣಿ ನೋಡಿ. ಕಲ್ಲಿನ ನೆಲ, ಗಾಜು, ಬರಿ ಮರದ ಟೇಬಲ್, ತೆರೆದ ಅಡುಗೆಮನೆ ಇದ್ದರೆ ಸದ್ದು ತಿರುಗಿ ತಿರುಗಿ ಬರುತ್ತದೆ. ಕಾರ್ಪೆಟ್, ದಪ್ಪ ಪರದೆ, ಟೇಬಲ್ ಮೇಲೆ ಬಟ್ಟೆ, ಮೆತ್ತನೆಯ ಕುರ್ಚಿ ಇದ್ದರೆ ಸದ್ದು ಹೀರಿಕೊಳ್ಳುತ್ತದೆ. ಬಾಗಿಲು ತೆರೆದ ಮೊದಲ ಹೊತ್ತಿಗೇ ಹೋಗಿ. ಮೂಲೆಯ ಟೇಬಲ್ ಕೇಳಿ, ಅಮ್ಮನನ್ನು ಗೋಡೆಗೆ ಬೆನ್ನು ಕೊಟ್ಟು ಕೂರಿಸಿ.

ಕಾಗದದೋಣಿ
ಕೊನೆಯದು ಎಲ್ಲರಿಗೂ ಸರಿಹೋಗುವುದಿಲ್ಲ. ನಮ್ಮಮ್ಮನ ಯಂತ್ರದಲ್ಲಿ ಡೈರೆಕ್ಷನಲ್ ಮೈಕ್ ಇದೆ. ಅದು ಮುಂದಿನಿಂದ ಬರುವ ಮಾತು ಹಿಡಿದು ಹಿಂದಿನ ಸದ್ದು ತಗ್ಗಿಸುತ್ತದೆ. ಗೋಡೆಗೆ ಬೆನ್ನು ಕೊಟ್ಟರೆ ಇಡೀ ಹಾಲಿನ ಗಲಾಟೆ ಮುಂದೆ ಬಂದಂತಾಯಿತು. ಅಂಥವರು ಗಲಾಟೆಗೆ ಬೆನ್ನು ಹಾಕಿ, ಮನೆಯವರ ಮುಖ ನೋಡಿಕೊಂಡು ಕೂರಬೇಕು. ಯಾವ ಯಂತ್ರ ಅಂತ ನೋಡಿಕೊಳ್ಳಿ.

ತಿಳಿನೀರು
ಹೌದು, ನನ್ನದು ಹಳೆಯದು, ಅದಕ್ಕೆ ಹಾಗೆ ಹೇಳಿದೆ. ನೀವು ಹೇಳಿದ್ದು ಸರಿ.

ಬೆಳ್ಳಿಚಮಚ
ಇದನ್ನೆಲ್ಲ ಮೇಲ್‌ನಲ್ಲಿ ಬರೆಯಿರಿ. ಸಂಕೋಚ ಬೇಡ. ಯಾವ ಕಿವಿ ಅಂತಲೂ ಬರೆಯಿರಿ. ನಾವು ಪ್ರತಿ ಸರ್ವಿಸ್‌ಗೆ ಮುಂಚೆ ಹದಿನೈದು ನಿಮಿಷ ನಿಂತು ಅವತ್ತಿನ ಟೇಬಲ್‌ಗಳ ಪಟ್ಟಿ ಓದುತ್ತಿದ್ದೆವು. ನಾಲ್ಕನೇ ಟೇಬಲ್‌ಗೆ ಕಡಲೆಬೀಜ ಆಗದು, ಏಳನೇ ಟೇಬಲ್‌ನವರು ರೈಲು ಹಿಡಿಯಬೇಕು, ಹೀಗೆ. ಬರೆಯದೇ ಇದ್ದರೆ ನಮಗೆ ಗೊತ್ತಾಗುವುದು ನೀವು ಕೂತ ಮೇಲೆ. ಆಗ ಟೇಬಲ್ ಬದಲಿಸಲು ಜಾಗ ಇರುವುದಿಲ್ಲ.

ಅವರು ಹೇಗೆ ಉತ್ತರ ಕೊಡುತ್ತಾರೆ ಅನ್ನುವುದನ್ನೂ ನೋಡಿ. ಅಚ್ಚು ಹಾಕಿದ ಉತ್ತರ ಬಂದರೆ ಒಂದು ತರ. ತಿರುಗಿ ಒಂದು ಪ್ರಶ್ನೆ ಕೇಳಿದರೆ ಅಲ್ಲಿಗೇ ಹೋಗಿ.

ಎರಡನೇಗೇರ್
ಬುಕಿಂಗ್ ಬಗ್ಗೆ ನನ್ನದೊಂದು ಸೇರಿಸುತ್ತೇನೆ. 30 ದಿನ, 60 ದಿನ ಮುಂಚೆ ಇಷ್ಟು ಗಂಟೆಗೆ ಟೇಬಲ್ ಬಿಡುತ್ತೇವೆ ಅಂತ ಹಾಕಿರುತ್ತಾರೆ. ಆ ಗಂಟೆ ಅವರ ಊರಿನದ್ದು. ನಾನು ನಮ್ಮ ಗಡಿಯಾರ ನೋಡಿಕೊಂಡು ಕೂತಿದ್ದೆ, ತೆರೆಯುವಷ್ಟರಲ್ಲಿ ಎಲ್ಲ ಹೋಗಿತ್ತು. ಆಮೇಲೆ ವೇಟಿಂಗ್ ಲಿಸ್ಟಿಗೆ ಹೆಸರು ಹಾಕಿದೆ, ಎರಡು ದಿನ ಮುಂಚೆ ಸಿಕ್ಕಿತು. ರದ್ದು ಮಾಡುವ ಗಡುವು 48 ಗಂಟೆ ಅಂತ ಇದ್ದರೆ ಅದರ ಹಿಂದಿನ ದಿನ ಟೇಬಲ್‌ಗಳು ಬಿಡುಗಡೆ ಆಗುತ್ತವೆ. ಆಗ ಕಣ್ಣಿಡಿ.

ಮರಗುಬ್ಬಿ
ಊಟಕ್ಕೆ ಮುಂಚೆಯೇ ಕಾರ್ಡ್ ನಂಬರ್ ಕೇಳುವುದು ನನಗೆ ಸರಿ ಕಾಣುವುದಿಲ್ಲ. ಗಿರಾಕಿಯನ್ನು ನಂಬುವುದಿಲ್ಲ ಅಂದರೆ ಹೇಗೆ?

ಬೆಳ್ಳಿಚಮಚ
ಇಪ್ಪತ್ತು ಸೀಟಿನ ಜಾಗದಲ್ಲಿ ನಾಲ್ಕು ಜನ ಹೇಳದೇ ಬಾರದಿದ್ದರೆ ಐದರಲ್ಲಿ ಒಂದು ಪಾಲು ಹೋಯಿತು. ಟೇಸ್ಟಿಂಗ್ ಮೆನುವಿನಲ್ಲಿ ತಲೆ ಎಣಿಸಿ ತಯಾರಿ ಮಾಡಿರುತ್ತೇವೆ. ಆ ನಾಲ್ಕು ಜನರದ್ದು ಅವತ್ತೇ ಹಾಳು. ಎಷ್ಟೋ ರಾತ್ರಿ ಅದನ್ನು ನನ್ನ ಕೈಯಾರೆ ಸುರಿದಿದ್ದೇನೆ, ಹೊಟ್ಟೆ ಉರಿಯುತ್ತದೆ. ಶಿಕಾಗೋದ ನೆಕ್ಸ್ಟ್ ಅನ್ನುವ ರೆಸ್ಟೋರೆಂಟ್ 2011ರಲ್ಲಿ ನಾಟಕಕ್ಕೆ ಮಾರುವ ಹಾಗೆ ಊಟಕ್ಕೆ ಮುಂಚೆಯೇ ಟಿಕೆಟ್ ಮಾರಿತು. ಆಮೇಲೆ ಆ ಪದ್ಧತಿ ಬೇರೆ ಕಡೆಗೂ ಹರಡಿತು. ಇದು ನಂಬಿಕೆಯ ಪ್ರಶ್ನೆ ಅಲ್ಲ, ಅಡುಗೆಮನೆ ಉಳಿಯುವ ಪ್ರಶ್ನೆ.

ಮರಗುಬ್ಬಿ
ಹಾಳಾಗುವ ಲೆಕ್ಕ ನನಗೆ ಗೊತ್ತಿರಲಿಲ್ಲ. ಆದರೂ ಕಾಯಿಲೆ ಬಿದ್ದರೆ ದುಡ್ಡು ಹೋಗುವುದು ಬೇಸರವೇ.

ಬೆಳ್ಳಿಚಮಚ
ಬೆಳಿಗ್ಗೆಯೇ ಫೋನ್ ಮಾಡಿ ಹೇಳಿ. ಕಾಯುತ್ತಿರುವವರು ಇದ್ದರೆ ಟೇಬಲ್ ತುಂಬುತ್ತದೆ. ನಾವು ಹಾಗೆ ತುಂಬಿದಾಗ ದುಡ್ಡು ಹಿಡಿಯುತ್ತಿರಲಿಲ್ಲ.

ತಿಳಿನೀರು
ವಿಷಯ ಬಿಟ್ಟು ಒಂದು ಪ್ರಶ್ನೆ. ನಾನು ಮದ್ಯ ಮುಟ್ಟುವುದಿಲ್ಲ. ಪ್ರತಿ ಕೋರ್ಸಿಗೂ ವೈನ್ ಸುರಿಯುವ ಜಾಗದಲ್ಲಿ ಬರೀ ನೀರು ಕುಡಿದುಕೊಂಡು ಕೂರುವುದು ಹೇಗೋ ಅನ್ನಿಸುತ್ತದೆ.

ಹಸಿರುಚಪ್ಪರ
ಮದ್ಯವಿಲ್ಲದ ಪೇರಿಂಗ್ ಕೇಳಿ ನೋಡಿ. ಹಣ್ಣಿನ ರಸ, ಚಹಾ, ಹುದುಗಿಸಿದ ಪಾನೀಯ ಕೋರ್ಸಿಗೆ ತಕ್ಕ ಹಾಗೆ ಕೊಡುತ್ತಾರೆ. ಸಿಹಿ ಜಾಸ್ತಿ ಇರುತ್ತದೆಯೇ ಅಂತ ಮಾತ್ರ ಕೇಳಿಕೊಳ್ಳಿ. ನೀರು ಕುಡಿದರೂ ಯಾರೂ ಏನೂ ಅನ್ನುವುದಿಲ್ಲ.

ಎರಡನೇಗೇರ್
ಬಿಲ್ ಬಗ್ಗೆ ಎಚ್ಚರ. ಮೆನುವಿನಲ್ಲಿ ಕಾಣುವ ಅಂಕಿಗೆ ಪಾನೀಯ, ತೆರಿಗೆ, ಸೇವಾಶುಲ್ಕ ಸೇರಿ ನಮಗೆ ಒಂದೂವರೆ ಪಟ್ಟು ಆಯಿತು. ಸೇವಾಶುಲ್ಕ ಸೇರಿದೆಯೋ ಇಲ್ಲವೋ ಅಂತ ಮೇಲ್‌ನಲ್ಲೇ ಕೇಳಿಬಿಡಿ.

ಸಾಲುದೀಪ
ಬಟ್ಟೆಯ ನಿಯಮವನ್ನೂ ಕೇಳಿ. ನಮ್ಮ ಜೊತೆ ಬಂದವರೊಬ್ಬರನ್ನು ಚಪ್ಪಲಿ ಅಂತ ಬಾಗಿಲಲ್ಲೇ ನಿಲ್ಲಿಸಿದ್ದರು. ಪಾಪ, ಅವರ ಕಾಲಿಗೆ ಬ್ಯಾಂಡೇಜ್ ಇತ್ತು. ಮುಂಚೆ ಹೇಳಿದ್ದರೆ ಬಿಡುತ್ತಿದ್ದರಂತೆ.

ಕಿಟಕಿಪಕ್ಕ
ಮೂರಕ್ಕೂ ಒಂದೇ ಮೇಲ್ ಕಳಿಸಿದ್ದೆ. ಮೂರು ಸ್ಟಾರಿನಿಂದ ಮರ್ಯಾದೆಯ ಉತ್ತರ ಬಂತು, ಸಸ್ಯಾಹಾರ ಮಾಡುತ್ತೇವೆ, ಆದರೆ ಟೇಬಲ್ ಆರಿಸಲು ಆಗುವುದಿಲ್ಲ ಅಂತ. ಎತ್ತರದ ಜಾಗದಿಂದ ಉತ್ತರ ಇಲ್ಲ. ಸಣ್ಣ ಜಾಗದವರು ಎರಡು ಸಾಲು ಬರೆದಿದ್ದರು. ಮೂಲೆಯ ಟೇಬಲ್ ಇಡುತ್ತೇವೆ, ಅಮ್ಮ ಈರುಳ್ಳಿ ಬೆಳ್ಳುಳ್ಳಿ ತಿನ್ನುತ್ತಾರೆಯೇ? ಗುರುವಾರ, ಪ್ರವಾಸದ ನಾಲ್ಕನೇ ದಿನ, ಮಧ್ಯಾಹ್ನ ಹನ್ನೆರಡಕ್ಕೆ ಬುಕ್ ಮಾಡಿದೆ.

ಬೆಳ್ಳಿಚಮಚ
ತಿರುಗಿ ಪ್ರಶ್ನೆ ಕೇಳಿದರು ನೋಡಿ. ಸರಿಯಾದ ಜಾಗ ಹಿಡಿದಿದ್ದೀರಿ. ಬಂದು ಹೇಳಲೇಬೇಕು.

ಕಿಟಕಿಪಕ್ಕ
ಬಂದೆವು. ಬಂದು ಹೇಳಲೇಬೇಕು ಅಂದಿದ್ದಿರಲ್ಲ.

ನಾವೇ ಅವತ್ತಿನ ಮೊದಲ ಗಿರಾಕಿಗಳು. ಬಡಿಸಿದ ಹುಡುಗಿ ಮೊದಲ ತಟ್ಟೆ ತಂದಾಗ ನನ್ನ ಪಕ್ಕದಿಂದ ಬರದೆ ಟೇಬಲ್ ಸುತ್ತಿಕೊಂಡು ಅಮ್ಮನ ಬಲಗಡೆಗೆ ಹೋದಳು. ಸ್ವಲ್ಪ ಬಗ್ಗಿ, ಮುಖ ಕಾಣುವ ಹಾಗೆ ನಿಂತು, ನಿಧಾನವಾಗಿ ಹೇಳಿದಳು. ಆರು ತಟ್ಟೆಗೂ ಹಾಗೇ ಮಾಡಿದಳು, ಒಂದು ಸಲವೂ ತಪ್ಪಲಿಲ್ಲ. ಅಮ್ಮನಿಗೆ ಆ ಭಾಷೆ ಅರ್ಧ ಬರುತ್ತದೆ. ಆದರೂ ನನ್ನ ಕಡೆ ತಿರುಗಿ ಏನಂತೆ ಅಂತ ಕೇಳಲಿಲ್ಲ.

ಮೂರನೆಯದು ಉಪ್ಪಿನ ಗೂಡಿನಲ್ಲಿ ಬೇಯಿಸಿದ ಬೀಟ್‌ರೂಟ್. ಬಿಳಿ ಗಡ್ಡೆಯೊಂದನ್ನು ಟೇಬಲ್‌ಗೇ ತಂದು ಚಮಚದ ಹಿಂಬದಿಯಿಂದ ಒಡೆದಳು. ಉಪ್ಪಿನ ಚಿಪ್ಪು ಬಿರಿದು ಹಬೆ ಬಂತು, ಒಳಗೆ ಕಡುಕೆಂಪು. ಅಮ್ಮ ಎಷ್ಟು ಹೊತ್ತು ಬೇಯಿಸುತ್ತೀರಿ ಅಂತ ಅವಳನ್ನೇ ಕೇಳಿದರು. ಅವಳು ಒಳಗೆ ಹೋಗಿ ಕೇಳಿಕೊಂಡು ಬಂದು ಹೇಳಿದಳು. ಅಮ್ಮ ಅದನ್ನು ಮೆನು ಕಾರ್ಡಿನ ಹಿಂದೆ ಬರೆದುಕೊಂಡರು. ಐದನೆಯದು ನಮಗೆ ಮೂವರಿಗೂ ಹಿಡಿಸಲಿಲ್ಲ, ಹುಳಿ ಜಾಸ್ತಿ. ಎರಡೂವರೆ ಗಂಟೆ ಕೂತೆವು. ಅಮ್ಮ ಒಮ್ಮೆಯೂ ಗಡಿಯಾರ ನೋಡಲಿಲ್ಲ.

ಸಾಲುದೀಪ
ಓದಿ ಖುಷಿಯಾಯಿತು. ಮೂರು ಸ್ಟಾರ್ ಬಿಟ್ಟಿದ್ದಕ್ಕೆ ಬೇಜಾರಿಲ್ವಾ?

ಕಿಟಕಿಪಕ್ಕ
ಸ್ವಲ್ಪ ಇದೆ, ಸುಳ್ಳು ಹೇಳುವುದಿಲ್ಲ. ಒಂದು ಸಂಜೆ ಅದರ ಮುಂದೆಯೇ ನಡೆದು ಹೋದೆವು. ನಾನು ಹೆಂಡತಿ ಇಬ್ಬರೇ ಹೋಗುವ ವರ್ಷ ಒಂದು ಬಂದರೆ ಅಲ್ಲಿಗೇ ಹೋಗುತ್ತೇವೆ.

ಬೆಳ್ಳಿಚಮಚ
ಆ ಹುಡುಗಿಯ ಬಗ್ಗೆ ರೆಸ್ಟೋರೆಂಟಿಗೆ ನಾಲ್ಕು ಸಾಲು ಬರೆದಿರಾ? ಬಲಗಡೆಯಿಂದ ಬಂದಿದ್ದನ್ನು ಬರೆಯಿರಿ. ನಾವು ಅಂಥ ಮೇಲ್‌ಗಳನ್ನು ಮುದ್ರಿಸಿ ಅಡುಗೆಮನೆಯ ಬಾಗಿಲಿಗೆ ಅಂಟಿಸುತ್ತಿದ್ದೆವು.

ಕಿಟಕಿಪಕ್ಕ
ಇಲ್ಲ, ತೋಚಲಿಲ್ಲ. ಈಗಲೇ ಅಮ್ಮನನ್ನು ಕೂರಿಸಿಕೊಂಡು ಬರೆಯುತ್ತೇನೆ.